ಕೊರಿಯನ್‌ನಲ್ಲಿ ‘ಆದರೆ’ ಮತ್ತು ‘ಆದರೂ’: ಕಲಬುರಗಿ ಕನ್ನಡದಿಂದ ನೇರ ದಾರಿ

ಕೊರಿಯನ್ ಕಲಿಯುವ ನಮ್ಮೂರ ಹುಡುಗಿಯರು ಹೆಚ್ಚಾಗಿ ಇಂಗ್ಲಿಷ್ ವಿಡಿಯೋ ನೋಡಿಯೇ ಶುರು ಮಾಡುತ್ತಾರೆ. ನಮಸ್ಕಾರ, ಧನ್ಯವಾದ ಹೇಳುವ ತನಕ ಅದರಿಂದ ತೊಂದರೆ ಏನಿಲ್ಲ. ‘ಆದರೆ’, ‘ಆದರೂ’, ‘ಬಂದರೂ’, ‘ಹೋದರೂ’ ಹೇಳುವ ಜಾಗ ಬಂತು ಅಂದರೆ ಗೋಜಲು ಶುರು. ಇಂಗ್ಲಿಷ್‌ನಲ್ಲಿ ಬಟ್, ಆಲ್ದೋ, ಈವನ್ ಇಫ್ ಅಂತ ಬೇರೆ ಬೇರೆ ಪದಗಳು ಮಾತಿನ ಮುಂದೆ ಬಂದು ನಿಲ್ಲುತ್ತವೆ. ಕೊರಿಯನ್‌ನಲ್ಲಿ ಕ್ರಿಯಾಪದದ ಕೊನೆಗೆ ಪ್ರತ್ಯಯ ಅಂಟುತ್ತದೆ. ಕನ್ನಡದಲ್ಲೂ ಹಾಗೇ, ಅಲ್ವಾ? ಮತ್ತೆ ಕನ್ನಡದಿಂದ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಕೊರಿಯನ್‌ಗೆ ಯಾಕೆ ಬರಬೇಕು? ನೇರ ಬನ್ನಿ. ಈ ಬರಹ ಅದಕ್ಕೇ.

ನಾನು ಹಗಲು ಒಂದು ತೊಗರಿ ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಸಂಜೆ ಬ್ರಹ್ಮಪುರದ ನಮ್ಮ ಮನೆಯಲ್ಲಿ ಕೆಲವು ಕಾಲೇಜು ಹುಡುಗಿಯರಿಗೆ ಕೊರಿಯನ್ ಹೇಳಿಕೊಡುತ್ತೇನೆ. ಕೆಳಗಿನ ಉದಾಹರಣೆ ಹೆಚ್ಚಿನವು ಅವರ ನೋಟ್‌ಬುಕ್ಕಿನಿಂದ ಬಂದವು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕೊರಿಯನ್ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಕೊರಿಯನ್‌ನಲ್ಲಿ ನಮ್ಮಲ್ಲಿಲ್ಲದ ಎರಡು ಸ್ವರಗಳಿವೆ. ಬಾಯಿ ಸ್ವಲ್ಪ ಅಗಲ ತೆರೆದು ಹೇಳುವ ‘ಅ-ಒ’ ನಡುವಿನ ಸ್ವರಕ್ಕೆ ಗಿಡ್ಡ ‘ಒ’ ಬಳಸಿದ್ದೇನೆ. ತುಟಿ ದುಂಡಗೆ ಮಾಡದೆ ಹೇಳುವ ‘ಉ’ಗೆ ಗಿಡ್ಡ ‘ಉ’. ಮಾಮೂಲಿ ದುಂಡು ತುಟಿಯ ಸ್ವರಗಳಿಗೆ ‘ಓ’, ‘ಊ’ ಅಂತ ಉದ್ದ ಅಕ್ಷರ. ಇದು ಬರೀ ಊರುಗೋಲು. 1446ರಲ್ಲಿ ರಾಜ ಸೇಜೋಂಗ್ ಜನರಿಗೆ ಕೊಟ್ಟ ಹಾಂಗುಲ್ ಲಿಪಿಯಲ್ಲಿ ಈಗ ಮೂಲ ಅಕ್ಷರ 24 ಮಾತ್ರ. ನಮ್ಮ ಕಾಗುಣಿತ ಕಲಿತವರಿಗೆ ಅದೇನೂ ದೊಡ್ಡದಲ್ಲ. ಅದನ್ನು ಕಲಿತೇ ಮುಂದೆ ಹೋಗಿ.

ಎಲ್ಲಕ್ಕಿಂತ ಸುಲಭದ್ದು ‘ಜಿಮಾನ್’

ಎರಡು ಮಾತು ಎದುರುಬದುರು ಇಡಬೇಕು ಅಂದರೆ ‘ಜಿಮಾನ್’. ಕ್ರಿಯಾಪದದ ಮೂಲಕ್ಕೆ ನೇರ ಅಂಟಿಸಿದರೆ ಆಯಿತು.

ಶಿಜಿಮಾನ್ ಮಾಶಿಸ್ಸೊಯೋ. ಹುಳಿ, ಆದರೆ ರುಚಿ. (ಪುಂಡಿ ಪಲ್ಯದ ಬಗ್ಗೆ ಒಬ್ಬಳು ಬರೆದದ್ದು.)

ತೊಪ್ಚಿಮಾನ್ ಚೋಆಯೋ. ಸೆಕೆ ಇದೆ, ಆದರೆ ಚೆನ್ನಾಗಿದೆ. (ಇದು ನಮ್ಮ ಕಲಬುರಗಿ.)

ಎರಡನೆಯದರಲ್ಲಿ ‘ಜಿ’ ಯಾಕೆ ‘ಚಿ’ ಆಯಿತು? ಮೂಲ ‘ತೊಪ್’ ಅಂತ ಬಿಗಿಯಾಗಿ ಮುಗಿಯುತ್ತದೆ, ಮುಂದಿನ ಅಕ್ಷರವೂ ಬಿಗಿಯಾಗುತ್ತದೆ. ಬರೆಯುವಾಗ ಬದಲಾಗುವುದಿಲ್ಲ, ಉಚ್ಚಾರದಲ್ಲಿ ಮಾತ್ರ. ಕಿವಿಗೆ ‘ಚಿಮಾನ್’ ಬಿದ್ದರೆ ಅದು ಬೇರೆ ಪದ ಅಂದುಕೊಳ್ಳಬೇಡಿ.

ಭೂತಕಾಲವೂ ಇದರ ಮುಂದೆ ನಿಲ್ಲುತ್ತದೆ. ‘ಕಾತ್ಚಿಮಾನ್’ ಅಂದರೆ ‘ಹೋದೆ, ಆದರೆ’. ನಾಮಪದಕ್ಕೆ ‘ಇಜಿಮಾನ್’: ‘ಹಾಕ್ಸೆಂಗಿಜಿಮಾನ್’, ವಿದ್ಯಾರ್ಥಿ, ಆದರೆ. ಅಪರಿಚಿತರನ್ನು ಮಾತಾಡಿಸುವಾಗಲೂ ಇದು ಬರುತ್ತದೆ. ‘ಶಿಲ್ಲೆಜಿಮಾನ್’ ಅಂದರೆ ‘ತಪ್ಪು ತಿಳಿಯಬೇಡಿ, ಆದರೆ’. ಇದನ್ನು ಇಡಿಯಾಗಿ ಬಾಯಿಪಾಠ ಮಾಡಿಕೊಳ್ಳಿ.

ವಾಕ್ಯದ ಶುರುವಿಗೆ ಇಡುವ ‘ಹಾಜಿಮಾನ್’ ಕೂಡ ಇದೇ ಮನೆಯದು. ನಮ್ಮ ಹುಡುಗಿಯರು ಪ್ರತಿ ಎರಡನೇ ವಾಕ್ಯದ ಮುಂದೆ ಒಂದು ‘ಹಾಜಿಮಾನ್’ ಕೂರಿಸುತ್ತಾರೆ. ಅದು ಇಂಗ್ಲಿಷ್ ಅಭ್ಯಾಸ. ಎರಡು ವಾಕ್ಯ ಒಂದಾಗುವಂತಿದ್ದರೆ ಕ್ರಿಯಾಪದಕ್ಕೇ ‘ಜಿಮಾನ್’ ಹಚ್ಚಿ ಒಂದು ಮಾಡಿ.

‘ನುಂದೆ’: ಅರ್ಧ ಹೇಳಿ ಬಿಡುವ ಮಾತು

ಕೊರಿಯನ್ ಧಾರಾವಾಹಿ ನೋಡುವವರ ಕಿವಿಗೆ ಅತಿ ಹೆಚ್ಚು ಬೀಳುವುದು ಇದೇ. ‘ಜಿಮಾನ್’ ಎದುರು ನಿಲ್ಲಿಸುತ್ತದೆ. ‘ನುಂದೆ’ ಹಾಸಿಗೆ ಹಾಸಿ ಕೊಡುತ್ತದೆ. ಮುಂದೆ ಬರುವ ಮಾತು ಉಲ್ಟಾ ಇರಬಹುದು, ಇಲ್ಲದೆಯೂ ಇರಬಹುದು.

ನೆಇಲ್ ಶಿಜಾಂಗೆ ಕಾನುಂದೆ ಕಾಛಿ ಕಾಲ್ಲೆಯೋ? ನಾಳೆ ಮಾರ್ಕೆಟ್ಟಿಗೆ ಹೊಂಟೀನಲ್ಲ, ಜೊತೆಗೆ ಬರ್ತೀಯೇನು?

ಇಲ್ಲಿ ವಿರೋಧ ಎಲ್ಲಿದೆ? ಇಲ್ಲ. ಬರೀ ಪೀಠಿಕೆ. ನಾವು ‘ಹೊಂಟೀನಲ್ಲ’ ಅಂತ ಎಳೆದು ಬಿಡುತ್ತೇವಲ್ಲ, ಆ ಎಳೆತವೇ ‘ನುಂದೆ’. ಅದಕ್ಕೇ ಇದನ್ನು ‘ಆದರೆ’ ಅಂತ ಮಾತ್ರ ಬರೆದುಕೊಂಡವರಿಗೆ ಅರ್ಧ ಸಂಭಾಷಣೆ ಅರ್ಥವಾಗುವುದಿಲ್ಲ.

ಒಬ್ಬ ಹುಡುಗಿ ‘ಪಿಗಾ ಓಜಿಮಾನ್’ ಅಂತ ಶುರು ಮಾಡಿ ‘ಕೊಡೆ ತಗೊಂಡು ಹೋಗಿ’ ಅಂತ ಮುಗಿಸಿದ್ದಳು. ‘ಮಳೆ ಬರುತ್ತಿದೆ, ಆದರೆ ಕೊಡೆ ತಗೊಂಡು ಹೋಗಿ’ ಅಂದರೆ ಕನ್ನಡದಲ್ಲೂ ಸರಿ ಹೋಗುವುದಿಲ್ಲ. ಮಳೆ ಬರುವುದು ಕೊಡೆಗೆ ಕಾರಣ, ವಿರೋಧ ಅಲ್ಲ. ‘ಪಿಗಾ ಓನುಂದೆ’ ಅಂದಾಗ ಸರಿಯಾಯಿತು: ಮಳೆ ಬರ್ತಾ ಇದೆಯಲ್ಲ, ಕೊಡೆ ತಗೊಂಡು ಹೋಗಿ. ಮುಂದೆ ಆಜ್ಞೆ, ಸಲಹೆ ಅಥವಾ ಕರೆ ಬರುವುದಿದ್ದರೆ ಮೊದಲು ‘ನುಂದೆ’ಯನ್ನೇ ಯೋಚಿಸಿ.

ಈಗ ಕಷ್ಟದ ಭಾಗ. ಕೊರಿಯನ್‌ನಲ್ಲಿ ‘ಸೆಕೆಯಾಗಿರು’, ‘ಚಂದವಾಗಿರು’, ‘ಖಾರವಾಗಿರು’ ಇಂಥವೂ ಕ್ರಿಯಾಪದದ ಹಾಗೆ ರೂಪ ಬದಲಿಸುತ್ತವೆ. ಇವನ್ನು ಗುಣಪದ ಅಂತ ಕರೆಯೋಣ. ಕೆಲಸ ಹೇಳುವ ಪದಕ್ಕೆ ‘ನುಂದೆ’ ಬಂದರೆ ಗುಣಪದಕ್ಕೆ ‘ನ್ದೆ’ ಅಥವಾ ‘ಉಂದೆ’ ಬರುತ್ತದೆ. ‘ಹೋಗು’ಗೆ ‘ಕಾನುಂದೆ’, ‘ತಿನ್ನು’ಗೆ ‘ಮೊಂಗ್‌ನುಂದೆ’. ‘ಬಿಜಿಯಾಗಿರು’ಗೆ ‘ಪಾಪ್ಪುಂದೆ’, ‘ಚೆನ್ನಾಗಿರು’ಗೆ ‘ಚೋಉಂದೆ’. ‘ಸೆಕೆ’ಗೆ ‘ತೊವೂಂದೆ’, ‘ಖಾರ’ಕ್ಕೆ ‘ಮೆವೂಂದೆ’. ಈ ಕೊನೆಯ ಎರಡರಲ್ಲಿ ಮೂಲದ ‘ಪ್’ ಕರಗಿ ‘ಊ’ ಆಗಿದೆ, ಗಮನಿಸಿ. ‘ಇರು’, ‘ಇಲ್ಲದಿರು’ ಎರಡೂ ಕೆಲಸದ ಪದಗಳ ಕಡೆ ಸೇರುತ್ತವೆ: ‘ಇನ್ನುಂದೆ’, ‘ಒಮ್ನುಂದೆ’. ಭೂತಕಾಲ ಬಂತು ಅಂದರೆ ಈ ಭೇದವೇ ಹೋಗುತ್ತದೆ, ಎಲ್ಲಕ್ಕೂ ‘ನುಂದೆ’. ಹಾಗಾಗಿ ಸಂದೇಹ ಇದ್ದಾಗ ನಮ್ಮ ಹುಡುಗಿಯರು ನಿನ್ನೆಯ ಕಥೆ ಹೇಳಿ ಪಾರಾಗುತ್ತಾರೆ. ಜಾಣತನವೇ. ಆದರೆ ವರ್ತಮಾನವನ್ನೂ ಬಾಯಿಗೆ ಹತ್ತಿಸಿಕೊಳ್ಳಬೇಕು.

‘ನುಂದೆ’ ಮೇಲೆ ‘ಯೋ’ ಹಾಕಿ ಅಲ್ಲಿಗೇ ಮಾತು ನಿಲ್ಲಿಸಬಹುದು. ಯಾರೋ ಕೆಲಸ ಹೇಳಿದರು, ನಿಮಗೆ ಬಿಡುವಿಲ್ಲ. ‘ಚಿಗುಮ್ ಪಾಪ್ಪುಂದೆಯೋ’ ಅನ್ನಿ. ‘ಈಗ ಕೆಲಸದಾಗ ಇದ್ದೀನಲ್ರೀ…’ ಅಂದ ಹಾಗೆ. ‘ಆಗುವುದಿಲ್ಲ’ ಎಂಬ ಮಾತು ಬಾಯಿಂದ ಬರಲೇ ಇಲ್ಲ, ಎದುರಿನವರಿಗೆ ತಿಳಿಯಿತು. ನಮ್ಮ ಕಡೆ ಹಿರಿಯರ ಮುಂದೆ ನೇರ ‘ಇಲ್ಲ’ ಅನ್ನದೆ ಹೇಗೆ ಎಳೆಯುತ್ತೇವೋ ಅದೇ ಮರ್ಯಾದೆ ಇದು.

ನಮ್ಮ ‘ಖರೆ’ಗೆ ಕೊರಿಯನ್‌ನಲ್ಲಿ ಜೋಡಿ ಇದೆ

ನನಗೆ ಬಹಳ ಇಷ್ಟವಾದ ಭಾಗ ಇದು. ‘ಜಾತ್ರಿಗಿ ಹೋದೆ ಖರೆ, ತೇರು ನೋಡಲಿಕ್ಕ ಆಗಲಿಲ್ಲ.’ ಶರಣಬಸವೇಶ್ವರ ಜಾತ್ರೆ ಮುಗಿದ ಮರುದಿನ ಈ ಮಾತು ಪ್ರತಿ ಓಣಿಯಲ್ಲೂ ಕೇಳುತ್ತದೆ. ಸ್ವಲ್ಪ ಬರವಣಿಗೆಯ ಕನ್ನಡದಲ್ಲಿ: ‘ಹೋಗೋದೇನೋ ಹೋದೆ, ತೇರು ನೋಡಲಾಗಲಿಲ್ಲ.’ ‘ಹೋದೆ, ಆದರೆ’ ಅನ್ನುವುದಕ್ಕಿಂತ ಇದು ಬೇರೆ. ಮೊದಲ ಮಾತನ್ನು ಒಪ್ಪಿಕೊಂಡು, ಅದರಿಂದ ಏನೂ ಆಗಲಿಲ್ಲ ಅಂತ ಹೇಳುತ್ತದೆ.

ಕೊರಿಯನ್‌ನಲ್ಲಿ: ಕಾಗಿನುನ್ ಕಾನ್ನುಂದೆ ಮೋತ್ ಪ್ವಾಸ್ಸೊಯೋ.

ಬಿಡಿಸಿ ನೋಡಿ. ‘ಕಾ’ ಅಂದರೆ ಹೋಗು. ‘ಗಿ’ ಅದನ್ನು ‘ಹೋಗೋದು’ ಮಾಡುತ್ತದೆ. ‘ನುನ್’ ನಮ್ಮ ‘ಏನೋ’ ಇರುವ ಜಾಗದಲ್ಲಿ ಕೂರುತ್ತದೆ. ಆಮೇಲೆ ಅದೇ ಕ್ರಿಯಾಪದ ಇನ್ನೊಮ್ಮೆ: ‘ಕಾನ್ನುಂದೆ’, ಹೋದೆ, ಆದರೆ. ಹೋಗೋದು-ಏನೋ-ಹೋದೆ. ತುಂಡು ತುಂಡಾಗಿ ಹೊಂದುತ್ತದೆ. ಇಂಗ್ಲಿಷ್‌ನಲ್ಲಿ ಇದನ್ನು ಹೇಳಲು ಎಷ್ಟು ತಡಕಾಡಬೇಕು ನೋಡಿ.

ಕ್ರಿಯಾಪದ ಎರಡು ಸಲ ಹೇಳುವುದು ಬೇಡ ಅನ್ನಿಸಿದರೆ ಎರಡನೆಯ ಜಾಗಕ್ಕೆ ‘ಮಾಡು’ ಎಂಬ ಅರ್ಥದ ‘ಹಾ’ ತನ್ನಿ. ಮಾತಿನಲ್ಲಿ ‘ಗಿನುನ್’ ಕುಗ್ಗಿ ‘ಗಿನ್’ ಆಗುತ್ತದೆ. ಸೂಪರ್ ಮಾರ್ಕೆಟ್‌ನಲ್ಲಿ ಸೀರೆ ನೋಡುತ್ತಾ ‘ತುಟ್ಟಿ ಅದ ಖರೆ, ಛಲೋ ಅದ’ ಅಂದೆವು ಅಂತಿಟ್ಟುಕೊಳ್ಳಿ. ‘ಪಿಸ್ಸಾಗಿನ್ ಹಾಂದೆ ಚೋಆಯೋ.’ ಮುಗಿಯಿತು. ಇನ್ನೂ ಖಡಕ್ಕಾಗಿ ಹೇಳಬೇಕಾದರೆ ‘ಪಿಸ್ಸಾಗಿನ್ ಹಾಜಿಮಾನ್’.

ಈ ‘ನುನ್’ ಬಗ್ಗೆ ಒಂದು ಸಣ್ಣ ಮಾತು. ನಾಮಪದದ ಮೇಲೆ ಬಂದಾಗಲೂ ಅದು ಹೋಲಿಕೆ ತೋರಿಸುತ್ತದೆ. ‘ಪಾಬುನ್ ಮೊಗೊನ್ನುಂದೆ ಖೊಪಿನುನ್ ಆನ್ ಮಾಶ್ಯೊಸ್ಸೊಯೋ.’ ಊಟ ಏನೋ ಆಯಿತು, ಕಾಫಿ ಮಾತ್ರ ಕುಡಿದಿಲ್ಲ. ವ್ಯಂಜನದ ಮೇಲೆ ‘ಉನ್’, ಸ್ವರದ ಮೇಲೆ ‘ನುನ್’. ಎರಡೂ ಕಡೆ ಹಾಕಿ. ಒಂದು ಕಡೆ ಬಿಟ್ಟರೆ ತಕ್ಕಡಿಯ ಒಂದು ತಟ್ಟೆ ಇಳಿದ ಹಾಗೆ ಕೇಳಿಸುತ್ತದೆ.

‘ಊ’ ಮತ್ತು ‘ದೋ’

‘ನಾನೂ’ ಅನ್ನುವುದಕ್ಕೆ ಕೊರಿಯನ್‌ನಲ್ಲಿ ‘ನಾದೋ’. ಈ ‘ದೋ’ ಅಂದರೆ ನಮ್ಮ ‘ಊ’. ಈಗ ನೋಡಿ: ‘ಬಂದರೂ’ ಕೊನೆಗೆ ‘ಊ’, ಕೊರಿಯನ್ ‘ವಾದೋ’ ಕೊನೆಗೆ ‘ದೋ’. ದರ್ಗಾ ಕಡೆಯಿಂದ ನನ್ನ ಹತ್ತಿರ ಬರುವ, ಮನೆಯಲ್ಲಿ ದಖನಿ ಮಾತಾಡುವ ಹುಡುಗಿಯರಿಗೂ ಇದು ತಕ್ಷಣ ಹೊಳೆಯುತ್ತದೆ. ಅವರ ‘ಫಿರ್ ಭೀ’ಯಲ್ಲಿರುವ ‘ಭೀ’ ಇದೇ ಕೆಲಸ ಮಾಡುತ್ತದೆ. ಕೊರಿಯನ್‌ನ ‘ಕುರೆದೋ’ ಅಂದರೆ ‘ಆದರೂ’, ‘ಫಿರ್ ಭೀ’. ‘ಕುರೊಮ್ಯೊನ್’ ಅಂದರೆ ‘ಹಾಗಾದರೆ’. ಒಂದು ಬಾಲ ಬದಲಾದರೆ ‘ಆದರೆ’ ‘ಆದರೂ’ ಆಗುವ ಹಾಗೆ ಅಲ್ಲೂ ಬಾಲವೇ ಎಲ್ಲ.

(ಇಂಥ ಹೋಲಿಕೆ ನೋಡಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳು ಒಂದೇ ಕುಟುಂಬದವು ಅಂತ ಹೇಳುವವರಿದ್ದಾರೆ. ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ ಮಿಷನರಿ 20ನೇ ಶತಮಾನದ ಆರಂಭದಲ್ಲೇ ಹೀಗೆ ಬರೆದಿದ್ದರು. ಇಂದಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪುವುದಿಲ್ಲ. ನಮಗೆ ನೆಂಟಸ್ತನ ಬೇಕಾಗಿಲ್ಲ, ರಚನೆ ಹೊಂದಿದರೆ ಸಾಕು.)

ಕಟ್ಟುವುದು ಸುಲಭ. ‘ಯೋ’ ಇರುವ ವರ್ತಮಾನ ರೂಪ ನಿಮಗೆ ಗೊತ್ತಿರುತ್ತದೆ. ‘ಯೋ’ ತೆಗೆದು ‘ದೋ’ ಹಾಕಿ. ‘ಕಾಯೋ’ ಇದ್ದದ್ದು ‘ಕಾದೋ’, ಹೋದರೂ. ‘ಮೊಗೊಯೋ’ ಇದ್ದದ್ದು ‘ಮೊಗೊದೋ’, ತಿಂದರೂ. ‘ಹೆಯೋ’ ಇದ್ದದ್ದು ‘ಹೆದೋ’, ಮಾಡಿದರೂ. ‘ತೊವೊಯೋ’ ಇದ್ದದ್ದು ‘ತೊವೊದೋ’, ಸೆಕೆ ಇದ್ದರೂ.

ಪ್ರಶ್ನೆಪದ ಸೇರಿಸಿದಾಗ ಏನಾಗುತ್ತದೆ ನೋಡಿ. ನೂಗಾ ವಾದೋ: ಯಾರು ಬಂದರೂ. ಒದಿಎ ಕಾದೋ: ಎಲ್ಲಿಗೆ ಹೋದರೂ. ಮ್ವೊಲ್ ಮೊಗೊದೋ: ಏನು ತಿಂದರೂ. ಪದದ ಕ್ರಮ ಕೂಡ ಬದಲಾಗಿಲ್ಲ. ‘ಎಷ್ಟೇ’ ಎಂಬ ಒತ್ತು ಬೇಕಾದರೆ ಮುಂದೆ ‘ಆಮೂರಿ’. ‘ಆಮೂರಿ ಪಾಪ್ಪಾದೋ’, ಎಷ್ಟೇ ಬಿಜಿ ಇದ್ದರೂ.

ಅನುಮತಿ ಕೇಳುವುದೂ ಇದರಲ್ಲೇ. ‘ಬರಲಿಲ್ಲಂದ್ರೂ ನಡೀತದ’ ಅಂತ ನಾವು ಹೇಳುತ್ತೇವಲ್ಲ, ಕೊರಿಯನ್‌ನಲ್ಲಿ ‘ಆನ್ ವಾದೋ ದ್ವೆಯೋ’. ‘ದ್ವೆಯೋ’ ಅಂದರೆ ಆಗುತ್ತದೆ, ನಡೆಯುತ್ತದೆ. ‘ಆನ್ಜಾದೋ ದ್ವೆಯೋ?’ ಅಂದರೆ ‘ಕೂತರೆ ನಡೀತದೇನು?’ ಇಲ್ಲಿ ಮಾತ್ರ ಹುಷಾರು. ಒಪ್ಪಿಗೆ ಕೇಳುವಾಗ ಕನ್ನಡದಲ್ಲಿ ‘ಕೂತರೆ’ ಸಾಕು. ಕೊರಿಯನ್‌ನಲ್ಲಿ ‘ಕೂತರೂ’ ಬೇಕು. ನಮ್ಮ ‘ದರೆ’ಗೆ ಸಮನಾದ ‘ಮ್ಯೊನ್’ ಹಾಕಿದರೆ ಅರ್ಥ ಬೇರೆ ಕಡೆ ಹೋಗುತ್ತದೆ. ‘ಆನ್ಜುಮ್ಯೊನ್ ಆನ್ ದ್ವೆಯೋ’ ಅಂದರೆ ‘ಕೂರಬಾರದು’.

ಕನ್ನಡದವರು ಎಡವುವ ಜಾಗ

ಇಲ್ಲಿ ನಿಧಾನವಾಗಿ ಓದಿ. ನಮ್ಮ ‘ಬಂದರೂ’ ಒಳಗೆ ‘ಬಂದ’ ಅನ್ನುವ ಭೂತಕಾಲದ ರೂಪ ಅಡಗಿದೆ. ‘ನಾಳೆ ಮಳೆ ಬಂದರೂ ಹೋಗುತ್ತೇನೆ’ ಅನ್ನುವಾಗಲೂ ಅದೇ. ಹಾಗಾಗಿ ನಮ್ಮವರು ಕೊರಿಯನ್‌ನಲ್ಲೂ ಭೂತಕಾಲ ತುರುಕಿ ‘ವಾಸ್ಸೊದೋ’ ಅನ್ನುತ್ತಾರೆ. ಬೇಡ. ನಾಳೆಯ ಮಳೆಗೆ ಬರೀ ‘ವಾದೋ’. ‘ವಾಸ್ಸೊದೋ’ ಬೇಕಾಗುವುದು ‘ಬಂದಿದ್ದರೂ’ ಅನ್ನುವ ಜಾಗದಲ್ಲಿ. ‘ಇಲ್ಚಿಕ್ ಕಾಸ್ಸೊದೋ ಮೋನ್ ಮಾನ್ನಾಸ್ಸುಲ್ ಕೊಯೆಯೋ.’ ಬೇಗ ಹೋಗಿದ್ದರೂ ಸಿಗುತ್ತಿರಲಿಲ್ಲ. ‘ಬಂದಿದ್ದರೂ’, ‘ಹೋಗಿದ್ದರೂ’ ಹೀಗೆ ಕೆಲಸ ಹೇಳುವ ಪದಕ್ಕೆ ‘ಇದ್ದರೂ’ ಅಂಟಿದ್ದರೆ ‘ಸ್ಸೊದೋ’, ಇಷ್ಟು ನೆನಪಿಟ್ಟುಕೊಳ್ಳಿ.

ಇನ್ನೊಂದು ಇದಕ್ಕಿಂತ ದೊಡ್ಡದು. ಕನ್ನಡದ ಒಂದೇ ‘ಬಂದರೂ’ ಎರಡು ಕೆಲಸ ಮಾಡುತ್ತದೆ.

ಮಳೆ ಬಂದರೂ ಹೋದೆ. (ಮಳೆ ನಿಜವಾಗಿ ಬಂತು.)

ಮಳೆ ಬಂದರೂ ಹೋಗುತ್ತೇನೆ. (ಬರುತ್ತೋ ಇಲ್ಲವೋ, ಯಾರಿಗೆ ಗೊತ್ತು.)

ಕೊರಿಯನ್‌ನಲ್ಲಿ ‘ವಾದೋ’ ನಡುವೆ ನಿಲ್ಲುತ್ತದೆ. ಅದರ ಒಂದು ಪಕ್ಕ ‘ನುಂದೆದೋ’, ಆಗಿಹೋದ ಸಂಗತಿಗೆ. ಇನ್ನೊಂದು ಪಕ್ಕ ‘ದೊರಾದೋ’, ಊಹೆಗೆ. ‘ಪಿಗಾ ಓನುಂದೆದೋ ಕಾಸ್ಸೊಯೋ’: ಮಳೆ ಬರುತ್ತಿತ್ತು, ಆದರೂ ಹೋದೆ. ‘ಪಿಗಾ ಓದೊರಾದೋ ಕಾಲ್ ಕೊಯೆಯೋ’: ಮಳೆಯೇ ಬರಲಿ, ಹೋಗುತ್ತೇನೆ. ‘ಮಳೆಯೇ ಬರಲಿ’ ಎಂಬ ಹಟ ‘ದೊರಾದೋ’ದಲ್ಲಿದೆ.

ಹಾಗಾಗಿ ‘ದರೂ’ ಇರುವ ಕನ್ನಡ ವಾಕ್ಯ ಸಿಕ್ಕಾಗ ಮೊದಲು ಕೇಳಿಕೊಳ್ಳಬೇಕಾದದ್ದು: ಇದು ನಡೆದ ಮಾತೋ, ನಡೆಯಬಹುದಾದ ಮಾತೋ? ‘ಗುಳಿಗೆ ತಗೊಂಡರೂ ಜ್ವರ ಇಳಿದಿಲ್ಲ.’ ಗುಳಿಗೆ ನುಂಗಿ ಆಗಿದೆ. ಆದ್ದರಿಂದ ‘ಯಾಗುಲ್ ಮೊಗೊನ್ನುಂದೆದೋ’. ಇಲ್ಲಿ ‘ದೊರಾದೋ’ ಹಾಕಿದರೆ ಗುಳಿಗೆ ತಗೊಂಡೇ ಇಲ್ಲ ಅನ್ನಿಸುತ್ತದೆ. ಯಾವಾಗಲೂ ನಡೆಯುವ ಮಾತು, ಗಾದೆ, ಸ್ವಭಾವ, ಇವಕ್ಕೆಲ್ಲ ಬರೀ ‘ದೋ’ ಸಾಕು.

‘ಗೊತ್ತಿದ್ದೂ ಗೊತ್ತಿಲ್ಲದವರ ಥರ ಇದ್ದ’ ಅನ್ನುವುದಕ್ಕೆ ಬೇರೆ ಪ್ರತ್ಯಯ ಇದೆ: ‘ಮ್ಯೊನ್ಸೊದೋ’. ‘ಆಲ್‌ಮ್ಯೊನ್ಸೊದೋ ಮೋರುನುನ್ ಚೊಖೆಸ್ಸೊಯೋ.’ ಎರಡೂ ಕೆಲಸ ಒಬ್ಬರದೇ ಇರಬೇಕು. ಅವನಿಗೆ ಗೊತ್ತಿದ್ದು ಅವಳು ಸುಮ್ನಿದ್ದರೆ ಇದು ಬರುವುದಿಲ್ಲ.

ಬರವಣಿಗೆಯವು

ಕೊರಿಯನ್ ಎಷ್ಟು ಬರುತ್ತದೆ ಅಂತ ಅಳೆಯುವ ಟೋಪಿಕ್ ಪರೀಕ್ಷೆಗೆ ಕೂರುವವರಿಗೆ ಇದು. 6 ಹಂತಗಳಲ್ಲಿ ಮೊದಲ 2 ಹಂತದ ಪರೀಕ್ಷೆಯಲ್ಲಿ ಕೇಳುವುದು, ಓದುವುದು ಮಾತ್ರ. 3ರಿಂದ 6ರವರೆಗಿನ ಪರೀಕ್ಷೆಯಲ್ಲಿ ಬರವಣಿಗೆಯೂ ಇದೆ. ಕಾಗದದ ಪರೀಕ್ಷೆಯಲ್ಲಿ ಕೊನೆಯ ಪ್ರಬಂಧ 600ರಿಂದ 700 ಅಕ್ಷರ. ಅಲ್ಲಿ ಮಾತಿನ ‘ಕುಂದೆ’ ಬರೆಯಬೇಡಿ. ‘ಕುರೊನಾ’ ಬರೆಯಿರಿ, ‘ಆದರೆ’ ಎಂಬ ಅರ್ಥದ ಬರವಣಿಗೆಯ ಪದ ಅದು. ಎರಡು ಪಕ್ಷ ಹೋಲಿಸುವಾಗ ‘ಪಾನ್‌ಮ್ಯೊನೆ’, ಅಂದರೆ ‘ಇನ್ನೊಂದು ಕಡೆ’. ‘ಎದೋ ಪೂಲ್ಗೂಹಾಗೋ’ ನಾಮಪದದ ಮೇಲೆ ಬರುತ್ತದೆ, ‘ಇಷ್ಟಿದ್ದರೂ ಸಹ’ ಎಂಬ ಭಾರದ ಮಾತು. ಪ್ರಬಂಧದಲ್ಲಿ ಒಮ್ಮೆ ಬಂದರೆ ಚಂದ. ‘ಉಲ್ಚಿರಾದೋ’, ‘ಕೊನ್‌ಮಾನ್’ ಇವೂ ‘ದರೂ’ ಥರದ ಪ್ರತ್ಯಯಗಳೇ, ಓದಿ ಗುರುತಿಸಿದರೆ ಸಾಕು.

ಅಭ್ಯಾಸ

ನಾನು ಮಾಡಿಸುವುದು ಇಷ್ಟೇ. ಮನೆಯಲ್ಲಿ ಕಿವಿಗೆ ಬಿದ್ದ ‘ದರೂ’, ‘ಖರೆ’, ‘ಏನೋ’ ಇರುವ ವಾಕ್ಯಗಳನ್ನು ಬರೆದುಕೊಂಡು ಬನ್ನಿ ಅನ್ನುತ್ತೇನೆ. ಪುಸ್ತಕದ ವಾಕ್ಯ ಬೇಡ. ಅವ್ವ ಬೈದದ್ದು, ಆಟೋದವರು ಅಂದದ್ದು, ಯಾವುದಾದರೂ ಸರಿ. ಆಮೇಲೆ ಕೂತು ಬಿಡಿಸುತ್ತೇವೆ.

‘ಎಳ್ಳಮಾವಾಸ್ಯೆಗೆ ಹೊಲಕ್ಕೆ ಕರೆದರೂ ಬರಲಿಲ್ಲ.’ ಕರೆದಾಗಿದೆ. ‘ಪೂಲ್ಲೊನ್ನುಂದೆದೋ ಆನ್ ವಾಸ್ಸೊಯೋ.’

‘ಬಿಸಿಲು ಎಷ್ಟೇ ಇದ್ದರೂ ಜನ ಬರುತ್ತಾರೆ.’ ಪ್ರತಿ ವರ್ಷದ ಮಾತು. ‘ಆಮೂರಿ ತೊವೊದೋ ಸಾರಾಮ್‌ದುರಿ ವಾಯೋ.’

‘ದೇವರು ವರ ಕೊಟ್ಟರೂ ಪೂಜಾರಿ ಕೊಡ.’ ಗಾದೆ, ಆದ್ದರಿಂದ ‘ಚ್ವೊದೋ’, ಕೊಟ್ಟರೂ. ಕೊರಿಯನ್ನರ ಗಾದೆಯೂ ಇದೇ ಅಚ್ಚಿನಲ್ಲಿದೆ. ‘ಹಾನುರಿ ಮೂನೊಜೊದೋ ಸೋಸಾನಾಲ್ ಕೂಮೊಂಗಿ ಇತ್ತಾ.’ ಆಕಾಶವೇ ಕುಸಿದರೂ ಮೇಲೆದ್ದು ಹೋಗಲು ಒಂದು ತೂತು ಇರುತ್ತದೆ. ಇನ್ನೊಂದರಲ್ಲಿ ‘ದೋ’ ಮತ್ತು ‘ಮ್ಯೊನ್’ ಎರಡೂ ಇವೆ: ‘ಹೋರಾಂಗಿಎಗೆ ಮೂಲ್ಲ್ಯೊಗಾದೋ ಚೊಂಗ್‌ಶಿನ್‌ಮಾನ್ ಚಾರಿಮ್ಯೊನ್ ಸಾನ್ದಾ.’ ಹುಲಿ ಕಚ್ಚಿಕೊಂಡು ಹೋದರೂ ಬುದ್ಧಿ ನೆಟ್ಟಗಿಟ್ಟುಕೊಂಡರೆ ಬದುಕುತ್ತೀ. ಇದೊಂದನ್ನು ಬಾಯಿಪಾಠ ಮಾಡಿದರೆ ‘ದರೆ’, ‘ದರೂ’ ಎರಡೂ ಕೈಗೆ ಬಂದವು.

ಕೊನೆಗೆ ದಾರಿ ತಪ್ಪಿಸುವ ಒಂದು ವಾಕ್ಯ. ‘ಅವರು ಇವತ್ತು ಬಂದರೂ ಬರಬಹುದು.’ ‘ಬಂದರೂ’ ಕಂಡ ಕೂಡಲೇ ‘ವಾದೋ’ ಬರೆಯಲು ಕೈ ಹೋಗುತ್ತದೆ. ಇಲ್ಲಿ ವಿರೋಧವೇ ಇಲ್ಲ, ಬರೀ ಸಾಧ್ಯತೆ. ಇದಕ್ಕೆ ಕೊರಿಯನ್‌ನಲ್ಲಿ ‘ಓಲ್ಚಿದೋ ಮೋಲ್ಲಾಯೋ’. ಅಕ್ಷರಕ್ಕೆ ಅಕ್ಷರ ಹೇಳಿದರೆ ‘ಬರುತ್ತಾರೋ ಏನೋ, ಗೊತ್ತಿಲ್ಲ’. ಅದರಲ್ಲೂ ಒಂದು ‘ದೋ’ ಇದೆ, ಆದರೆ ‘ವಾದೋ’ದ ‘ದೋ’ ಕೂರುವ ಜಾಗದಲ್ಲಿ ಅಲ್ಲ. ‘ಬಂದರೂ ಬರಬಹುದು’, ‘ಸಿಕ್ಕರೂ ಸಿಗಬಹುದು’, ‘ಆದರೂ ಆಗಬಹುದು’ ಹೀಗೆ ಒಂದೇ ಕ್ರಿಯಾಪದ ಎರಡು ಸಲ ಬಂದು ‘ಬಹುದು’ ಅಂತ ಮುಗಿದರೆ ಈ ಬರಹದ ಯಾವ ಪ್ರತ್ಯಯವನ್ನೂ ಮುಟ್ಟಬೇಡಿ, ಸೀದಾ ‘ಚಿದೋ ಮೋಲ್ಲಾಯೋ’ಗೆ ಹೋಗಿ.